ಕಾರ್ಪೆಟ್ ಮಷಿನ್ನು ನೀರು ಬಿಡಲ್ಲ, ಎಳೆಯೋದೂ ಇಲ್ಲ: ಮೋಟಾರ್ ಹೋಗಿದೆ ಅಂತ ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

ಪ್ರಶ್ನೆ: ಸರ್, ನಮ್ದು ಶಿಡ್ಲಘಟ್ಟ. ಅತ್ತೆಗೆ ಮಂಡಿ ನೋವು, ಬರಿ ನೆಲದ ಮೇಲೆ ಕೂರಕ್ಕಾಗಲ್ಲ ಅಂತ ಹಾಲ್‌ಗೆ ಕಾರ್ಪೆಟ್ ಹಾಕಿಸಿದ್ವಿ, ಅದನ್ನ ತೊಳೆಯೋಕೆ ಎರಡೂವರೆ ವರ್ಷದ ಹಿಂದೆ ಕಾರ್ಪೆಟ್ ಕ್ಲೀನಿಂಗ್ ಮಷಿನ್ನೂ ತಗೊಂಡ್ವಿ. ಮೊದಲು ಚೆನ್ನಾಗೇ ಇತ್ತು. ಈಗ ಮೂರು ತಿಂಗಳಿಂದ ಬಟನ್ ಒತ್ತಿದ್ರೆ ಒಳಗೆ ಗುಯ್ ಅನ್ನುತ್ತೆ, ಆದ್ರೆ ನೀರು ಒಂದು ಪಕ್ಕದಿಂದ ತೊಟ್ಟಿಕ್ಕುತ್ತೆ ಅಷ್ಟೆ. ಬಿಟ್ಟ ನೀರನ್ನ ವಾಪಸ್ ಎಳೆಯೋದು ಕಮ್ಮಿಯಾಗಿದೆ, ಕೆಲವು ಸಲ ಇದ್ದಕ್ಕಿದ್ದಂಗೆ ಶಬ್ದ ಕೀಚಲಾಗುತ್ತೆ. ಬ್ರಷ್ ನಿಂತು ನಿಂತು ತಿರುಗುತ್ತೆ, ರಬ್ಬರ್ ಸುಟ್ಟ ವಾಸನೆ ಬೇರೆ. ಕಾರ್ಪೆಟ್ ಎರಡು ದಿನ ಆದ್ರೂ ಒಣಗಲ್ಲ, ಮುಗ್ಗಲು ವಾಸನೆ ಹೊಡೀತಿದೆ. ಹೋದ ವಾರ ಮಷಿನ್ ಹಿಂದೆ ಗಾಳಿ ಬರೋ ಸಂದಿಯಿಂದ ಬಿಳಿ ನೊರೆ ಬಂತು, ಹೆದರಿ ಆಫ್ ಮಾಡ್ದೆ. ರಿಪೇರಿಯವರು ಬಂದು ಐದು ನಿಮಿಷ ನೋಡಿ ಪಂಪೂ ಹೋಗಿದೆ ಮೋಟಾರೂ ಹೋಗಿದೆ, 4,800 ಆಗುತ್ತೆ, ಅದರ ಬದ್ಲು ಹೊಸದು ತಗೊಳ್ಳಿ ಅಂದ್ರು. ಪಕ್ಕದ ಮನೆಯವರು ನಮ್ಮ ಫ್ಲೋರೈಡ್ ನೀರಿಂದ ಹಿಂಗಾಗಿದೆ ಅಂತಾರೆ. ನಾನು ಬಟ್ಟೆ ಸೋಪಿನ ಪುಡಿನೇ ಹಾಕ್ತಿದ್ದೆ, ಅದು ತಪ್ಪಾ? ವಾಸನೆಗೆ ಕುದಿಯೋ ನೀರು, ಬ್ಲೀಚಿಂಗ್ ಪೌಡರ್ ಹಾಕ್ಬಹುದಾ? ನಮ್ಮ ಪಕ್ಕದಲ್ಲೇ ಮೈದುನರ ರೇಷ್ಮೆ ರೀಲಿಂಗ್ (ಗೂಡಿಂದ ನೂಲು ಬಿಚ್ಚೋ ಕೆಲಸ) ಇದೆ, ಮನೆ ತುಂಬ ಓಡಾಟ, ಕಾರ್ಪೆಟ್ ಬೇಗ ಕೊಳೆಯಾಗುತ್ತೆ. ದಯವಿಟ್ಟು ಹೇಳಿ.

ಉತ್ತರ: ಅಕ್ಕ, ನೀವು ಬರೆದಿರೋದು ಓದಿದ್ರೆ ನಿಮಗೆ ಒಂದೇ ಸಲ ಐದು ಕಾಯಿಲೆ ಬಂದಂಗೆ ಕಾಣ್ತಿದೆ, ನೀರು ಬರಲ್ಲ, ಎಳೆಯಲ್ಲ, ಬ್ರಷ್ ತಿರುಗಲ್ಲ, ವಾಸನೆ, ನೊರೆ. ಇಷ್ಟೊಂದು ಒಟ್ಟಿಗೆ ಕೆಟ್ರೆ ಮಷಿನ್ ಮುಗೀತು ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ನನ್ನ ಅನುಭವದಲ್ಲಿ ಇವು ಐದಲ್ಲ, ಎರಡೋ ಮೂರೋ ಕಾರಣ, ಒಂದರಿಂದ ಇನ್ನೊಂದು ಹುಟ್ಟಿರೋದು. ಚಿಕ್ಕಬಳ್ಳಾಪುರದಲ್ಲಿ ಬಿ.ಬಿ. ರಸ್ತೆ ಪಕ್ಕದ ಬೀದೀಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಕೊಂಡು ಇಪ್ಪತ್ತು ವರ್ಷದ ಮೇಲಾಯ್ತು. ಮೊದಲು ಬೋರ್‌ವೆಲ್ ಮೋಟಾರು, ಮಿಕ್ಸಿ, ಆಮೇಲೆ ವ್ಯಾಕ್ಯೂಮ್ ಕ್ಲೀನರ್, ಈಗ ನಿಮ್ಮಂಥ ಮಷಿನ್ನುಗಳೂ ಬರ್ತವೆ. ಮೋಟಾರ್ ಹೋಗಿದೆ ಅಂತ ಹೊತ್ತು ತರೋ ಮಷಿನ್ನುಗಳಲ್ಲಿ ಸುಮಾರಿಗೆ ಮೋಟಾರ್ ನೆಟ್ಟಗೇ ಇರುತ್ತೆ, ದಾರಿ ಕಟ್ಟಿರುತ್ತೆ ಅಷ್ಟೆ.

ಮೊದಲು ಆ ಕೀಚಲು ಶಬ್ದದ ಮಾತು, ಯಾಕಂದ್ರೆ ಅದರಲ್ಲೇ ಅರ್ಧ ಉತ್ತರ ಇದೆ. ಎಲ್ಲರೂ ಶಬ್ದ ಜೋರಾದ್ರೆ ಮೋಟಾರ್ ಒದ್ದಾಡ್ತಿದೆ ಅನ್ಕೋತಾರೆ. ಗಾಳಿ ಎಳೆಯೋ ಮೋಟಾರ್‌ನಲ್ಲಿ ಉಲ್ಟಾ. ಗಾಳಿ ಬರೋ ದಾರಿ ಕಟ್ಟಿದ್ರೆ ಒಳಗಿರೋ ಫ್ಯಾನ್‌ಗೆ ತಳ್ಳೋಕೆ ಗಾಳೀನೇ ಇರಲ್ಲ, ಕೆಲಸ ಕಮ್ಮಿಯಾಗಿ ಸ್ಪೀಡ್ ಏರುತ್ತೆ, ಅದಕ್ಕೇ ಕೀಚಲು. ಮನೇಲಿ ವ್ಯಾಕ್ಯೂಮ್ ಕ್ಲೀನರ್ ಇದ್ರೆ ಪೈಪಿನ ಬಾಯಿಗೆ ಅಂಗೈ ಒತ್ತಿ ನೋಡಿ, ಅದೇ ಶಬ್ದ ಬರುತ್ತೆ. ನಿಜವಾಗ್ಲೂ ಕೆಟ್ಟಿರೋ ಮೋಟಾರ್ ಸಾಮಾನ್ಯವಾಗಿ ಹಿಂಗೆ ಕೀಚಲ್ಲ, ಗೊರಗೊರ ಅನ್ನುತ್ತೆ, ಜಲ್ಲಿ ಅರೆದಂಗೆ, ಇಲ್ಲಾ ಒಳಗೆ ಕಿಡಿ ಜಾಸ್ತಿಯಾಗಿ ಸುಟ್ಟ ವಾಸನೆ ಬರುತ್ತೆ. ನಿಮ್ಮದು ಕೀಚಲು ಅಂತ ಬರೆದಿದೀರ, ಅಂದ್ರೆ ಆ ಹೊತ್ತಿಗೆ ಗಾಳಿ ದಾರಿ ಎಲ್ಲೋ ಪೂರ್ತಿ ಮುಚ್ಕೊಂಡಿದೆ, ಮೋಟಾರ್ ಚೆನ್ನಾಗೇ ಸುತ್ತುತಿದೆ.

ಹಂಗೇ ಆ ಗುಯ್ ಅನ್ನೋದೂ. ಈ ಥರ ಸುಮಾರು ಮಷಿನ್ನುಗಳಲ್ಲಿ ನೀರು ತಳ್ಳೋಕೆ ಒಂದು ಪುಟ್ಟ ಪಂಪು, ಕಾಯಿಲ್ ಒಳಗೆ ಒಂದು ಕಬ್ಬಿಣದ ಕಡ್ಡಿ ಹಿಂದೆ ಮುಂದೆ ಅದುರಿ ನೀರು ತಳ್ಳುತ್ತೆ. ಗುಯ್ ಅಂತಿದೆ ಅಂದ್ರೆ ಕಾಯಿಲ್‌ಗೆ ಕರೆಂಟ್ ಬರ್ತಿದೆ, ಕಡ್ಡಿ ಅದುರ್ತಿದೆ. ಒಂದು ಪಕ್ಕದಿಂದ ಆದ್ರೂ ನೀರು ತೊಟ್ಟಿಕ್ತಿದೆ ಅಂದ್ರೆ ಅಷ್ಟೋ ಇಷ್ಟೋ ತಳ್ತಾನೂ ಇದೆ. ಸತ್ತ ಪಂಪು ಹಿಂಗೆ ಮಾಡಲ್ಲ. ಇಲ್ಲಿ ರಿಪೇರಿ ಮಾಡೋರೂ ಒಂದು ತಪ್ಪು ಮಾಡ್ತಾರೆ, ಬೇಕಂತ ಅಲ್ಲ, ಗೊತ್ತಿಲ್ದೆ. ಮಲ್ಟಿಮೀಟರ್ ಇಟ್ಟು ನೋಡ್ತಾರೆ, ಏನೂ ತೋರಿಸಲ್ಲ, ಕಾಯಿಲ್ ಕಟ್ ಆಗಿದೆ ಅಂತ ಪಂಪ್ ಎಸೀತಾರೆ. ಇಂಥ ಕೆಲವು ಪಂಪುಗಳಲ್ಲಿ ಕಾಯಿಲ್ ಜೊತೆಗೇ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಒಂದು ಡಯೋಡ್ ಸೇರಿಸಿ ಮುಚ್ಚಿರ್ತಾರೆ, ಓಮ್ಸ್ ರೇಂಜಲ್ಲಿ ಇಟ್ರೆ ಮೀಟರ್ ಅದನ್ನ ದಾಟಲ್ಲ, ಒಳ್ಳೇ ಪಂಪೂ ಕಟ್ ಅಂತಾನೇ ತೋರಿಸುತ್ತೆ. ನಿಮ್ಮ ಪಂಪ್‌ಗೆ ತೀರ್ಪು ಕೊಟ್ಟಿದ್ದು ಹಿಂಗೇನಾ ಅಂತ ಕೇಳಿ ನೋಡಿ.

ಇನ್ನು ಫ್ಲೋರೈಡ್. ನಮ್ಮ ಕಡೆ ನೀರು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಅದೇ, ತಪ್ಪೂ ಇಲ್ಲ, ಚಿಕ್ಕಬಳ್ಳಾಪುರ ಕೋಲಾರ ಆಮೇಲೆ ಆ ಕಡೆ ಪಾವಗಡ ಎಲ್ಲಾ ಕಡೆ ಹಲ್ಲು ಮೂಳೆ ಹಾಳಾಗಿರೋದು ನೋಡಿದೀವಿ. ಆದ್ರೆ ಫ್ಲೋರೈಡ್ ಕುಡಿಯೋರಿಗೆ ತೊಂದರೆ, ಮಷಿನ್‌ಗಲ್ಲ. ಕುಡಿಯೋ ನೀರಲ್ಲಿ ಅದರ ಮಿತಿ ಲೀಟರ್‌ಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ದಿದ್ರೆ 1.5, ಅಷ್ಟು ಚೂರು ಪಂಪ್ ಕಟ್ಟಲ್ಲ. ಕಟ್ಟೋದು ಗಡಸು, ಅಂದ್ರೆ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದಕ್ಕೆ ಅದೇ ಕುಡಿಯೋ ನೀರಿನ ಐಎಸ್ 10500 ಸ್ಟ್ಯಾಂಡರ್ಡ್ ಪ್ರಕಾರ ಲೀಟರ್‌ಗೆ 200 ಮಿಲಿಗ್ರಾಂ ಇದ್ರೆ ಒಳ್ಳೇದು, ಬೇರೆ ನೀರೇ ಇಲ್ದಿದ್ರೆ 600 ತನಕ ಪರವಾಗಿಲ್ಲ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಸ್ನಾನಕ್ಕೆ ನೀರು ಕಾಯಿಸೋ ಕಾಯಿಲ್ ಮೇಲೆ ಬಿಳಿ ಪೊರೆ ಗಟ್ಟಿಯಾಗಿ ಕಟ್ಟುತ್ತಲ್ಲ, ಸುತ್ತಿಗೆಯಲ್ಲಿ ಕುಟ್ಟಿದ್ರೆ ಮೊಟ್ಟೆ ಸಿಪ್ಪೆ ಥರ ಉದುರುತ್ತೆ, ಅದೇ ಇದು. ನಿಮ್ಮ ಮಷಿನ್ನಿನ ನೀರು ಚಿಮ್ಮೋ ನಾಝಲ್ ತೂತು ಎಷ್ಟಿರುತ್ತೆ, ಸೂಜಿ ಮೊನೆಗಿಂತ ಸ್ವಲ್ಪ ದೊಡ್ಡದು, ಪ್ರತಿ ಸಲ ತೊಳೆದು ಹಂಗೇ ಎತ್ತಿಟ್ರೆ ಆ ತೂತಲ್ಲಿ ಉಳಿದ ಒಂದು ತೊಟ್ಟು ನೀರು ಒಣಗಿ ಒಂದು ತೆಳ್ಳನೆ ಪೊರೆ ಬಿಡುತ್ತೆ, ಎರಡೂವರೆ ವರ್ಷದಲ್ಲಿ ಎಷ್ಟು ಸಲ ಆಗಿರುತ್ತೆ ಯೋಚನೆ ಮಾಡಿ.

ಅದರ ಮೇಲೆ ಸೋಪಿನ ಪುಡಿ. ಕೇಳಿದ್ದು ಒಳ್ಳೇದಾಯ್ತು ಅಕ್ಕ, ನಿಮ್ಮ ಕತೇಲಿ ದೊಡ್ಡ ತಪ್ಪು ಅಂದ್ರೆ ಇದೇ, ಸುಮಾರು ಮನೆಗಳಲ್ಲಿ ಇದೇ ನಡೀತಿದೆ. ಬಟ್ಟೆ ಪುಡೀಲಿ ವಾಷಿಂಗ್ ಸೋಡಾ ಇರುತ್ತೆ, ಅದು ಗಡಸು ನೀರಿಗೆ ಬಿದ್ದ ತಕ್ಷಣ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಥರ ಬಿಳಿ ಗಸಿ ಆಗುತ್ತೆ, ಟ್ಯಾಂಕ್ ತಳದಲ್ಲಿ ಬೆರಳಾಡಿಸಿದ್ರೆ ಸಿಗುತ್ತೆ. ಅಂದ್ರೆ ಪೊರೆ ಕಟ್ಟೋ ಸಾಮಾನನ್ನ ನಾವೇ ಕೈಯಾರೆ ಮಷಿನ್ ಒಳಗೆ ಮಾಡಿ ಪಂಪ್‌ಗೆ ಕಳಿಸ್ತಿದೀವಿ. ಎರಡನೇದು ನೊರೆ. ಗಲೀಜು ನೀರಿನ ಟ್ಯಾಂಕ್ ಒಳಗೆ ಒಂದು ತೇಲೋ ಚೆಂಡೋ ಬಿಲ್ಲೆಯೋ ಇರುತ್ತೆ, ನೀರು ತುಂಬಿದ್ರೆ ಅದು ಮೇಲೆ ಬಂದು ಗಾಳಿ ದಾರಿ ಮುಚ್ಚುತ್ತೆ, ನೀರು ಮೋಟಾರ್‌ಗೆ ಹೋಗಬಾರದು ಅಂತ. ನೀರಿಗೆ ಅದು ಸರಿ, ನೊರೆ ಅದನ್ನ ಎತ್ತೋಷ್ಟು ಭಾರ ಇಲ್ಲ, ಅದರ ಪಕ್ಕದಿಂದಾನೇ ನುಸುಳಿ ಫ್ಯಾನ್ ಒಳಗೆ ಹೋಗುತ್ತೆ. ಇಲ್ಲಾ ಒಣಗಿದ ಸೋಪಿಗೆ ಚೆಂಡು ಅಂಟ್ಕೊಂಡು ಅರ್ಧ ಮುಚ್ಚಿದಂಗೇ ನಿಂತಿರುತ್ತೆ. ನಿಮ್ಮದರಲ್ಲಿ ಎರಡೂ ಆಗಿರೋ ಹಂಗಿದೆ, ಅದಕ್ಕೇ ಒಂದು ಸಲ ಕೀಚಲು, ಇನ್ನೊಂದು ಸಲ ನೊರೆ. ಮೂರನೇದು, ಪುಡಿ ಪೂರ್ತಿ ಕರಗಿ ಹೋಗಲ್ಲ, ಕಾರ್ಪೆಟ್ ದಾರದ ಬುಡದಲ್ಲಿ ಅಂಟಾಗಿ ಉಳ್ಕೊಂಡು ಮಾರನೇ ದಿನದಿಂದ ಮತ್ತೆ ಧೂಳು ಹಿಡಿಯುತ್ತೆ. ಬೇಗ ಕೊಳೆಯಾಗುತ್ತೆ ಅಂದ್ರಲ್ಲ, ಅದರಲ್ಲಿ ಓಡಾಟದ್ದು ಅರ್ಧ, ಉಳಿದ ಸೋಪಿಂದು ಅರ್ಧ.

ಈಗ ನಿಮ್ಮ ಊರಿಗೇ ಸೇರಿದ ಮಾತು. ರೀಲಿಂಗ್ ಇದೆ ಅಂತ ಕೊನೇಲಿ ಸುಮ್ನೆ ಬರೆದಿದೀರ, ನನಗೆ ಅದೇ ಮುಖ್ಯ ಅನ್ನಿಸ್ತು. ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಬರೋ ವ್ಯಾಕ್ಯೂಮ್ ಕ್ಲೀನರ್, ಫ್ಯಾನು, ಏನೇ ಇರಲಿ, ತಿರುಗೋ ಜಾಗದಲ್ಲೆಲ್ಲ ರೇಷ್ಮೆ ಎಳೆ ಸಿಗುತ್ತೆ. ಬಟ್ಟೆಗೆ ಕಾಲಿಗೆ ಅಂಟ್ಕೊಂಡು ಬರುತ್ತೆ, ಕಣ್ಣಿಗೆ ಕಾಣಲ್ಲ. ಹೋದ ವರ್ಷ ಒಂದು ಮಷಿನ್ನಿನ ಬ್ರಷ್ ರೋಲರ್ ಬಿಚ್ಚಿದ್ದೆ, ಎರಡೂ ತುದೀಲಿ ಹಳದಿ ಬಣ್ಣದ ಒಂದು ಉಂಗುರ, ಪ್ಲಾಸ್ಟಿಕ್ ವಾಷರ್ರೇ ಅನ್ಕೊಂಡೆ, ಉಗುರಲ್ಲಿ ಒತ್ತಿದ್ರೆ ಗಟ್ಟಿ. ಬ್ಲೇಡಲ್ಲಿ ಕೊಯ್ದಾಗ ಪದರ ಪದರವಾಗಿ ಬಿಚ್ಕೊಂಡಿತು, ಪೂರ್ತಿ ರೇಷ್ಮೆ, ಹಳದಿ ಗೂಡಿಂದು. ಹಸಿ ರೇಷ್ಮೇಲಿ ಎಳೆ ಮೇಲೆ ಸೆರಿಸಿನ್ ಅನ್ನೋ ಅಂಟು ಇರುತ್ತೆ, ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅದೇ. ಮಷಿನ್ನಿನ ನೀರು ತಾಗಿ ಮೆತ್ತಗಾಗುತ್ತೆ, ಧೂಳು ಸೇರುತ್ತೆ, ಒಣಗಿದಾಗ ಗೋಂದು ಹಾಕಿದಂಗೆ ಕಚ್ಕೊಳ್ಳುತ್ತೆ. ಕೂದಲಾದ್ರೆ ಎಳೆದ್ರೆ ಬರುತ್ತೆ, ಇದು ಬರಲ್ಲ, ರೇಷ್ಮೆ ಎಷ್ಟು ಗಟ್ಟಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ರೋಲರ್ ಬಿಗಿಯಾಗುತ್ತೆ, ಬೆಲ್ಟ್ ಜಾರುತ್ತೆ, ರಬ್ಬರ್ ಸುಟ್ಟ ವಾಸನೆ ಬರೋದು ಅದಕ್ಕೇ. ಸುಟ್ಟ ವಾಸನೆ ಅಂದ ತಕ್ಷಣ ಮೋಟಾರ್ ಅಂತ ಹೆದರಬೇಡಿ, ವೈಂಡಿಂಗ್ ಸುಟ್ರೆ ಬರೋ ವಾಸನೆ ಬೇರೆ, ವಾರ್ನಿಷ್ ಸುಟ್ಟಂಗೆ ಕಟುವಾಗಿ ಮೂಗಿಗೆ ಹೊಡೆಯುತ್ತೆ.

ಸರಿ, ಕೈ ಹಾಕೋ ವಿಷಯಕ್ಕೆ ಬರೋಣ. ಮೊದಲ ಮಾತು, ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಹಂಗೆ ಪಕ್ಕಕ್ಕೆ ಇಟ್ಕೊಳ್ಳಿ, ಬರೀ ಸ್ವಿಚ್ ಆಫ್ ಸಾಲಲ್ಲ. ನಾನು ಕೆಳಗೆ ಹೇಳೋದೆಲ್ಲ ಸ್ಕ್ರೂ ಬಿಚ್ಚದೆ, ಇಲ್ಲಾ ಬ್ರಷ್ ಕವರ್‌ನ ಎರಡು ಮೂರು ಸ್ಕ್ರೂ ಬಿಚ್ಚಿ ಮಾಡೋ ಕೆಲಸ. ಮೋಟಾರ್ ಇರೋ ಭಾಗ ನೀವು ತೆಗೀಬೇಡಿ. ವಾರಂಟಿ ಇನ್ನೂ ಇರೋರು ಇದನ್ನ ಓದ್ತಿದ್ರೆ ಯಾವ ಸ್ಕ್ರೂನೂ ಬಿಚ್ಚಬೇಡಿ, ಬಿಲ್ ತಗೊಂಡು ಕಂಪನಿ ಸರ್ವಿಸ್‌ಗೇ ಕೊಡಿ.

ನೀರಿನ ಟ್ಯಾಂಕ್ ತೆಗೆದು ಸಿಂಕ್ ಮೇಲೆ ಹಿಡಿದು ಅದರ ತಳದಲ್ಲಿರೋ ಸ್ಪ್ರಿಂಗ್ ಬಟನ್ ಬೆರಳಲ್ಲಿ ಒತ್ತಿ. ನೀರು ಧಾರಾಳವಾಗಿ ಬೀಳಬೇಕು. ನಿಧಾನ ಬಿದ್ರೆ ಮುಚ್ಚಳ ಸ್ವಲ್ಪ ಸಡಿಲ ಮಾಡಿ ಮತ್ತೆ ಒತ್ತಿ, ಈಗ ಜೋರಾಗಿ ಬಂದ್ರೆ ಮುಚ್ಚಳದಲ್ಲಿರೋ ಗಾಳಿ ತೂತು ಕಟ್ಟಿದೆ ಅಂತ ಅರ್ಥ, ನೀರು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರ್ಲಿಲ್ಲ ಅಂದ್ರೆ ಟ್ಯಾಂಕ್ ನೀರು ಬಿಡಲ್ಲ. ಮುಚ್ಚಳ ಸಡಿಲಿಸಿದ್ರೂ ಬರಲ್ಲ ಅಂದ್ರೆ ಆ ಬಟನ್ ಸುತ್ತ ಪೊರೆ ಕಟ್ಟಿದೆ. ಟ್ಯಾಂಕ್ ಕೂರೋ ಜಾಗದಲ್ಲಿ ಒಂದು ಚಿಕ್ಕ ಜಾಲರಿ ಇರುತ್ತೆ, ಅದನ್ನೂ ತೊಳೀರಿ.

ಇದೆಲ್ಲ ಸರಿ ಇದ್ರೆ ನಾಝಲ್. ಅದು ಒತ್ತಿದ್ರೆ ಇಲ್ಲಾ ಕಾಲು ಸುತ್ತು ತಿರುಗಿಸಿದ್ರೆ ಬರುತ್ತೆ. ನಿಮ್ಮದಕ್ಕೆ ನೊರೆ ಹೋಗಿರೋದ್ರಿಂದ ಮುಂದೆ ಹೇಳೋ ಹಂಗೆ ಎರಡು ದಿನ ಒಣಗಿಸಿ ಶಬ್ದ ನೋಡಿದ ಮೇಲೇ ನಾಝಲ್ ತೆಗೆದು ಮಷಿನ್ನನ್ನ ಬಕೆಟ್ ಮೇಲೆ ಹಿಡಿದು ಪ್ಲಗ್ ಹಾಕಿ ಬಟನ್ ಒತ್ತಿ, ನೀರು ಧಾರೆಯಾಗಿ ಬಂತು ಅಂದ್ರೆ ನಿಮ್ಮ ಪಂಪ್ ಚೆನ್ನಾಗಿದೆ, 4,800ರಲ್ಲಿ ಅರ್ಧ ಅಲ್ಲೇ ಉಳೀತು. ನಿಮಗೆ ಒಂದು ಪಕ್ಕದಿಂದ ತೊಟ್ಟಿಕ್ಕುತ್ತೆ ಅಂದಿದ್ದಕ್ಕೆ ನನಗೆ ಹಿಂಗೇ ಆಗುತ್ತೆ ಅನ್ಸುತ್ತೆ. ನಾಝಲ್‌ಗೆ ಪಿನ್ನು ಸೂಜಿ ಚುಚ್ಚಬೇಡಿ, ಆ ತೂತಿನ ಆಕಾರದಿಂದಾನೇ ನೀರು ಬೀಸಣಿಗೆ ಥರ ಹರಡೋದು, ಒಂದು ಸಲ ಅಂಚು ಹಾಳಾದ್ರೆ ಆಮೇಲೆ ನೆಟ್ಟಗೆ ಪಿಚಕಾರಿ ಥರಾನೇ ಬರುತ್ತೆ. ನಿಂಬೆ ಉಪ್ಪು ತಗೊಳ್ಳಿ, ದಿನಸಿ ಅಂಗಡೀಲಿ ಸಿಗುತ್ತಲ್ಲ ಸಿಟ್ರಿಕ್ ಆ್ಯಸಿಡ್, ಸ್ಟೀಲ್ ಲೋಟದಲ್ಲಿ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಹಾಕಿ ನಾಝಲ್ ಮುಳುಗಿಸಿ ಅರ್ಧ ಗಂಟೆ ಬಿಡಿ. ಸಣ್ಣ ಸಣ್ಣ ಗುಳ್ಳೆ ಏಳೋಕೆ ಶುರುವಾಗುತ್ತೆ, ಸುಣ್ಣ ಕರಗ್ತಿದೆ ಅಂತ. ಆಮೇಲೆ ಹಳೇ ಟೂತ್‌ಬ್ರಷ್ ಸಾಕು.

ಪಂಪ್ ಒಳಗೂ ಅದೇ ನೀರು ಓಡಿಸ್ಬೇಕು. ಒಂದು ಲೀಟರ್ ನೀರಿಗೆ 20 ಗ್ರಾಂ ನಿಂಬೆ ಉಪ್ಪು, ಶುದ್ಧ ನೀರಿನ ಟ್ಯಾಂಕಿಗೆ ಹಾಕಿ, ಅರ್ಧ ನಿಮಿಷ ಬಕೆಟ್‌ಗೆ ಚಿಮ್ಮಿಸಿ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಿ, ಮತ್ತೆ ಚಿಮ್ಮಿಸಿ, ಹಿಂಗೆ ಎರಡು ಮೂರು ಸಲ. ರಾತ್ರಿಯೆಲ್ಲಾ ಬಿಡಬೇಡಿ, ರಬ್ಬರ್ ವಾಷರ್‌ಗೆ ಒಳ್ಳೇದಲ್ಲ. ಕೊನೇಗೆ ಎರಡು ಟ್ಯಾಂಕ್ ಬರೀ ನೀರು. ಹಾಲ್‌ನಲ್ಲಿ ಮಾರ್ಬಲ್ ಹಾಕ್ಸಿದ್ರೆ ಅದರ ಮೇಲೆ ಈ ಕೆಲಸ ಬೇಡ, ಬಿದ್ದ ಜಾಗ ಹೊಳಪು ಹೋಗುತ್ತೆ, ಬಾತ್‌ರೂಮಲ್ಲೋ ಹಿತ್ತಲಲ್ಲೋ ಮಾಡಿ. ಮೊದಲ ಸಲ ಒತ್ತಿದಾಗ ನೀರೇ ಬರ್ಲಿಲ್ಲ ಅಂದ್ರೆ ಒಳಗೆ ಗಾಳಿ ಕೂತಿರುತ್ತೆ, ಟ್ಯಾಂಕ್ ತುಂಬಿಸಿ ನಾಝಲ್ ತುದೀನ ಟ್ಯಾಂಕ್‌ಗಿಂತ ಕೆಳಗೆ ಹಿಡಿದು ಅರ್ಧ ನಿಮಿಷ ಒತ್ತಿ, ಒಂದು ನಿಮಿಷ ಬಿಟ್ಟು ಮತ್ತೆ ಒತ್ತಿ. ನೀರಿಲ್ಲದೆ ಐದು ಹತ್ತು ನಿಮಿಷ ಒತ್ತಿ ಹಿಡಿಯೋದು ಮಾತ್ರ ಬೇಡವೇ ಬೇಡ, ಈ ಪಂಪಿಗೆ ನೀರೇ ತಂಪು, ಒಣ ಓಡಿಸಿದ್ರೆ ನಿಜವಾಗ್ಲೂ ಸುಡುತ್ತೆ.

ಎಳೆಯೋ ಕಡೆ ನೋಡೋಣ. ಗಲೀಜು ಟ್ಯಾಂಕ್ ತೆಗೆದು ಚೆಂಡಿನ ಪಂಜರ ತೊಳೆದು ಅಲ್ಲಾಡಿಸಿ, ಚೆಂಡು ಕಟಕಟ ಅಂತ ಸಲೀಸಾಗಿ ಆಡ್ಬೇಕು. ಟ್ಯಾಂಕ್ ಮುಚ್ಚಳದ ಸುತ್ತ ಇರೋ ರಬ್ಬರ್ ಪಟ್ಟಿ ಬೆರಳಲ್ಲಿ ಸವರ್ತಾ ಬನ್ನಿ, ಎಲ್ಲಾದ್ರೂ ಮಡಿಚಿದ್ಯಾ, ಹೊರಗೆ ಎದ್ದಿದ್ಯಾ, ಮರಳು ಕೂತಿದ್ಯಾ. ಇದನ್ನ ಹಗುರ ಮಾಡ್ಬೇಡಿ. ನಾನು ಈ ಕೆಲಸ ಕಲಿತ ಹೊಸದ್ರಲ್ಲಿ ಒಬ್ಬರ ಮಷಿನ್‌ಗೆ ಎಳೆಯಲ್ಲ ಅಂತ ಹೊಸ ಮೋಟಾರೇ ಹಾಕಿ ಕೊಟ್ಟಿದ್ದೆ, ಮೂರನೇ ದಿನ ವಾಪಸ್ ತಂದ್ರು, ಅದೇ ಕಂಪ್ಲೇಂಟು. ಮುಚ್ಚಳದ ರಬ್ಬರ್ ಒಂದು ಇಂಚು ಮಡಿಚ್ಕೊಂಡಿತ್ತು, ಅಲ್ಲಿಂದ ಗಾಳಿ ಹೋಗ್ತಿತ್ತು, ಅಷ್ಟೆ. ಮೋಟಾರ್ ದುಡ್ಡು ವಾಪಸ್ ಕೊಟ್ಟೆ, ಅವತ್ತಿಂದ ರಬ್ಬರ್ ನೋಡದೆ ಮೋಟಾರ್ ಮುಟ್ಟಿಲ್ಲ. ಪೈಪ್ ಬಿಚ್ಚೋಕೆ ಬಂದ್ರೆ ಬಿಚ್ಚಿ, ಒಂದು ಕಡೆಯಿಂದ ಮಕ್ಕಳು ಆಡೋ ಗೋಲಿ ಬಿಡಿ, ಇನ್ನೊಂದು ಕಡೆ ಉರುಳಿ ಬಂದ್ರೆ ದಾರಿ ಸರಿ, ಬರ್ಲಿಲ್ಲ ಅಂದ್ರೆ ಎಲ್ಲಿ ನಿಂತ್ಕೊಂತೋ ಅಲ್ಲಿ ಕೂದಲು ನೂಲಿನ ಮುದ್ದೆ ಇದೆ. ಮುಂದಿನ ಪ್ಲಾಸ್ಟಿಕ್ ಕಿಟಕಿ, ನೀರು ಏರೋದು ಕಾಣುತ್ತಲ್ಲ, ಅದರಲ್ಲಿ ಕೂದಲೆಳೆ ಬಿರುಕಿದ್ರೂ ಎಳೆತ ಬೀಳುತ್ತೆ, ಅನುಮಾನ ಬಂದ್ರೆ ಮೇಲೆ ಸೆಲ್ಲೋಟೇಪ್ ಅಂಟಿಸಿ ನೋಡಿ, ಫರಕ್ ಗೊತ್ತಾಗುತ್ತೆ.

ಬ್ರಷ್ ರೋಲರ್ ತೆಗೆದು ಎರಡೂ ತುದಿ ನೋಡಿ, ನಾನು ಹೇಳಿದ ಉಂಗುರ ಸಿಕ್ರೆ ಎಳೆಯೋಕೆ ಹೋಗ್ಬೇಡಿ, ಬ್ಲೇಡಲ್ಲಿ ಉದ್ದಕ್ಕೆ ಒಂದು ಗೆರೆ ಕೊಯ್ದು ಬಿಡಿಸಿ. ಬಿಸಿ ನೀರು ಸೋಪು ತಾಗಿಸಿದ್ರೆ ಅಂಟು ಸಡಿಲ ಆಗುತ್ತೆ, ರೀಲಿಂಗ್ ಮನೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಬೆಲ್ಟ್ ಒಳಪಕ್ಕ ಗಾಜಿನ ಥರ ಹೊಳೀತಿದ್ರೆ, ಇಲ್ಲಾ ಜೋತು ಬಿದ್ದಿದ್ರೆ ಬೇರೆ ಹಾಕ್ಸಿ, ಅದು ದೊಡ್ಡ ಖರ್ಚಲ್ಲ, ಹಳೇದನ್ನ ತಗೊಂಡೋಗಿ ಅಳತೆಗೆ ತಗೊಳ್ಳಿ. ನಿಮ್ಮ ಮನೆಗೆ ತಿಂಗಳಿಗೊಂದು ಸಲ ಈ ರೋಲರ್ ಕೆಲಸ ಮಾಡ್ಲೇಬೇಕು. ಮಷಿನ್ ಹಾಕೋ ಮುಂಚೆ ಕಾರ್ಪೆಟ್ ಒಣಗಿರುವಾಗಲೇ ಒದ್ದೆ ಮಾಡಿ ಹಿಂಡಿದ ರಬ್ಬರ್ ಗ್ಲೌಸ್ ಕೈಗೆ ಹಾಕ್ಕೊಂಡು ಒಂದೇ ಕಡೆಗೆ ಸವರಿದ್ರೆ ಎಳೆ ಎಲ್ಲ ಉಂಡೆ ಕಟ್ಟಿ ಮೇಲೆ ಬರುತ್ತೆ.

ಇನ್ನು ನನಗೆ ನಿಜವಾಗ್ಲೂ ಚಿಂತೆ ಇರೋದು ಆ ನೊರೆ ಬಗ್ಗೆ. ಹಿಂದಿನ ಸಂದಿಯಿಂದ ನೊರೆ ಬಂತು ಅಂದ್ರೆ ಅದು ಫ್ಯಾನ್ ದಾಟಿ ಬಂದಿದೆ, ಮೋಟಾರ್ ಪಕ್ಕದಲ್ಲೇ. ತಕ್ಷಣ ಆಫ್ ಮಾಡಿದ್ದು ಬಹಳ ಒಳ್ಳೇ ಕೆಲಸ. ಆಮೇಲೆ ಓಡಿಸಿಲ್ಲ ತಾನೆ? ಓಡಿಸಿದ್ರೂ ಇಲ್ದಿದ್ರೂ ಈಗ ಟ್ಯಾಂಕುಗಳನ್ನೆಲ್ಲಾ ತೆಗೆದು ಗಾಳಿ ಆಡೋ ಜಾಗದಲ್ಲಿ ಎರಡು ದಿನ ಬಿಡಿ, ಆಮೇಲೆ ಟ್ಯಾಂಕ್ ಒಣಗಿರುವಾಗ, ನೀರು ಹಾಕದೆ, ಪಂಪಿನ ಬಟನ್ ಮುಟ್ಟದೆ ಬರೀ ಎಳೆಯೋ ಮೋಟಾರ್ ಮಾತ್ರ ಒಂದು ನಿಮಿಷ ಓಡಿಸಿ ಶಬ್ದ ಕೇಳಿ. ನಯವಾಗಿ ಏರಿ ನಯವಾಗಿ ಇಳಿದ್ರೆ ಉಳ್ಕೊಂಡಿದೆ. ಗೊರಗೊರ ಅಂದ್ರೆ, ಇಲ್ಲಾ ಆಫ್ ಮಾಡಿದ ಮೇಲೆ ತಿರುಗ್ತಾ ತಿರುಗ್ತಾ ನಿಲ್ಲೋ ಬದಲು ಗಕ್ಕಂತ ನಿಂತ್ರೆ, ಬೇರಿಂಗ್ ಒಳಗೆ ಸೋಪು ನೀರು ಹೋಗಿ ಗ್ರೀಸ್ ತೊಳೆದು ತುಕ್ಕು ಹಿಡಿದಿದೆ. ಆಗ್ಲೂ ಪೂರ್ತಿ ಮೋಟಾರ್ ಬದಲಾಯಿಸಬೇಕು ಅಂತೇನಿಲ್ಲ. ಬಹಳ ಮಷಿನ್ನುಗಳಲ್ಲಿ 608 ನಂಬರ್ ಬೇರಿಂಗ್, 8 ಎಂಎಂ ಒಳಗೆ 22 ಎಂಎಂ ಹೊರಗೆ, ಸ್ಕೇಟಿಂಗ್ ಚಕ್ರದಲ್ಲಿ ಇರೋದೇ, ಯಾವ ಬೇರಿಂಗ್ ಅಂಗಡೀಲಾದ್ರೂ ಸಿಗುತ್ತೆ, ಎರಡೂ ಕಡೆ ರಬ್ಬರ್ ಸೀಲ್ ಇರೋದೇ ಹಾಕಿ ಅನ್ನಿ. ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ತುಂಡು ಸವೆದು 5, 6 ಎಂಎಂಗೆ ಬಂದಿದ್ರೆ ಜೋಡಿಯಾಗಿ ಬದಲಾಯಿಸಬೇಕು, ಒಂದೇ ಹಾಕಬಾರದು. ಇದು ಮೋಟಾರ್ ಬಿಚ್ಚೋ ಕೆಲಸ, ಒಳ್ಳೇ ವೈಂಡಿಂಗ್ ಅಂಗಡಿಗೆ ಕೊಡಿ, ನೀವು ಮಾಡ್ಬೇಡಿ, ಫ್ಯಾನ್ ನಟ್ಟು ಕೆಲವು ಮೋಟಾರ್‌ನಲ್ಲಿ ಉಲ್ಟಾ ಥ್ರೆಡ್ ಇರುತ್ತೆ, ಬಲವಂತ ಮಾಡಿದ್ರೆ ಶಾಫ್ಟೇ ಹೋಗುತ್ತೆ. ಕಮ್ಯುಟೇಟರ್, ಅಂದ್ರೆ ಕಾರ್ಬನ್ ಉಜ್ಜೋ ತಾಮ್ರದ ಪಟ್ಟಿಗಳು, ಕಪ್ಪಾಗಿ ಗುಂಡಿ ಬಿದ್ದಿದ್ರೆ, ಆರ್ಮೇಚರ್, ಅಂದ್ರೆ ತಂತಿ ಸುತ್ತಿರೋ ತಿರುಗೋ ಭಾಗ, ಸುಟ್ಟಿದ್ರೆ ಮಾತ್ರ ಹೊಸ ಮೋಟಾರ್ ಮಾತು. ತೋರಿಸಿ ಹೇಳೋಕೆ ಕೇಳಿ, ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಕೇಳಿ, ಅದು ನಿಮ್ಮದು, ಕೇಳೋದ್ರಲ್ಲಿ ತಪ್ಪಿಲ್ಲ.

ಕರೆಂಟಿಂದು ಎರಡೇ ಮಾತು. ಒದ್ದೆ ನೆಲದ ಮೇಲೆ ಓಡಿಸೋ ಮಷಿನ್ನು, ಮೂರು ಪಿನ್ ಇದ್ರೆ ಅರ್ಥ್ ಪಿನ್ ಕತ್ತರಿಸೋದಾಗ್ಲಿ ಎರಡು ಪಿನ್ ಅಡಾಪ್ಟರ್ ಹಾಕೋದಾಗ್ಲಿ ಬೇಡ, ಮನೆ ಮೇನ್‌ನಲ್ಲಿ ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ 30 ಮಿಲಿ ಆಂಪ್ಸ್ ಆರ್‌ಸಿಸಿಬಿ ಇಲ್ಲ ಅಂದ್ರೆ ಮಷಿನ್ ರಿಪೇರಿಗಿಂತ ಮೊದಲು ಅದನ್ನ ಹಾಕ್ಸಿ. ವೋಲ್ಟೇಜ್ 230 ಇರಬೇಕಾದ್ದು ಪಂಪ್‌ಸೆಟ್ ಎಲ್ಲಾ ಓಡೋ ಹೊತ್ತಲ್ಲಿ ಬಿದ್ದಿದ್ರೆ ಎಳೆತ ತಾನಾಗೇ ಕಮ್ಮಿ ಇರುತ್ತೆ, ಸಣ್ಣ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದ್ರೆ ಇನ್ನೂ ಬೀಳುತ್ತೆ, ನೇರ ಗೋಡೆ ಪ್ಲಗ್ಗಿಗೇ ಹಾಕಿ.

ಕುದಿಯೋ ನೀರು, ಬ್ಲೀಚಿಂಗ್, ಎರಡೂ ಬೇಡ ಅಕ್ಕ. ಕುದಿಯೋ ನೀರಿಗೆ ಟ್ಯಾಂಕ್ ಸೊಟ್ಟ ಆಗಿ ರಬ್ಬರ್ ಸೀಲ್ ಕೂರಲ್ಲ, ಕೈ ಇಟ್ರೆ ತಡ್ಕೊಳ್ಳೋಷ್ಟು ಬಿಸಿ ಸಾಕು. ಬ್ಲೀಚಿಂಗ್ ಕಾರ್ಪೆಟ್ ಬಣ್ಣ ತಿನ್ನುತ್ತೆ, ಅದಕ್ಕಿಂತ ಹೆಚ್ಚು ಹೆದರಿಕೆ ಇರೋದು ಬೇರೆ ಕಡೆ, ನಿಂಬೆ ಉಪ್ಪು ಹಾಕಿದ ಟ್ಯಾಂಕಿಗೇ ಬ್ಲೀಚಿಂಗ್ ಬಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ. ಎರಡನ್ನೂ ಒಂದೇ ದಿನ ಒಂದೇ ಜಾಗದಲ್ಲಿ ಇಟ್ಕೊಳ್ಳೋದೂ ಬೇಡ.

ವಾಸನೆಗೆ ಕಾರಣ ಕೊಳೆ ಅಲ್ಲ, ನೀರು. ಎಳೆಯದೇ ಇರೋ ಮಷಿನ್ ನೀರು ಬಿಟ್ಟಿದ್ದೆಲ್ಲ ಕಾರ್ಪೆಟ್ ಬುಡದಲ್ಲೇ ಇದೆ, ಒಂದೆರಡು ದಿನದ ಒಳಗೆ ಒಣಗ್ಲಿಲ್ಲ ಅಂದ್ರೆ ಬೂಷ್ಟು ಶುರುವಾಗುತ್ತೆ. ಸದ್ಯಕ್ಕೆ ಕಾರ್ಪೆಟ್ ಎತ್ತಿ ಮಹಡಿ ಮೇಲೆ ಗೋಡೆಗೋ ಮಂಚಕ್ಕೋ ಹಾಕಿ, ಹಿಂಬದಿ ಬಿಸಿಲಿಗೆ ಬರೋ ಹಂಗೆ, ಕೆಳಗಿಂದ ಗಾಳಿ ಆಡಬೇಕು. ಹಿಂಬದಿ ಕಪ್ಪು ಚುಕ್ಕೆ ಹರಡಿದ್ರೆ, ಅಂಟು ಬಿಟ್ಟು ಪದರ ಏಳ್ತಿದ್ರೆ ಆ ಕಾರ್ಪೆಟ್ ಮೇಲೆ ಅತ್ತೆಯವರನ್ನ ಕೂರಿಸ್ಬೇಡಿ, ಉಸಿರಾಟಕ್ಕೆ ಒಳ್ಳೇದಲ್ಲ. ಇನ್ನು ಮುಂದೆ ತೊಳೆಯೋವಾಗ ಒಂದು ಸಲ ನೀರು ಬಿಟ್ಟು ಎಳೆದ್ರೆ ಅದೇ ಜಾಗದಲ್ಲಿ ಬಟನ್ ಒತ್ತದೆ ಮೂರು ಸಲ ನಿಧಾನಕ್ಕೆ ಎಳೀಬೇಕು, ಕಿಟಕೀಲಿ ನೀರು ಏರೋದು ನಿಲ್ಲೋ ತನಕ. ಈಗ ಕಾರ್ಪೆಟ್ ಒಳಗೆ ಉಳಿದಿರೋ ಸೋಪು ತೆಗೆಯೋಕೆ ಮೊದಲ ಎರಡು ಮೂರು ಸಲ ಯಾವ ಸೋಪೂ ಬೇಡ, ಬರೀ ನೀರು, ಆಗ್ಲೂ ನೊರೆ ಬರುತ್ತೆ ನೋಡಿ, ಅಷ್ಟು ಉಳ್ಕೊಂಡಿದೆ. ಗಲೀಜು ಟ್ಯಾಂಕ್ ಅರ್ಧಕ್ಕೆ ಬಂದ ತಕ್ಷಣ ಚೆಲ್ಲಿ. ಆಮೇಲೆ ನೊರೆ ಕಮ್ಮಿ ಇರೋ ಕಾರ್ಪೆಟ್ ಲಿಕ್ವಿಡ್ ತಗೊಳ್ಳಿ, ಬಾಟಲಿ ಮೇಲೆ ಬರೆದಿರೋ ಅಳತೆಗಿಂತ ಒಂದು ಮುಚ್ಚಳವೂ ಜಾಸ್ತಿ ಬೇಡ. ಹತ್ತಿ ಜಮಖಾನ, ಕಂಬಳಿ, ಸೆಣಬಿನ ಚಾಪೆ, ಇವಕ್ಕೆ ಈ ಮಷಿನ್ ಹಾಕ್ಬೇಡಿ, ಬಣ್ಣ ಬಿಡುತ್ತೆ, ಉಣ್ಣೆ ಕುಗ್ಗುತ್ತೆ, ಸೆಣಬು ಕಂದು ಕಲೆ ಕಟ್ಟುತ್ತೆ.

ನೀರಿಗೆ ಒಂದು ಸುಲಭದ ದಾರಿ ಇದೆ. ಬೀದಿ ಕೊನೇಲಿ ಶುದ್ಧ ಕುಡಿಯೋ ನೀರಿನ ಘಟಕ ಇರುತ್ತಲ್ಲ, ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಳ್ಳೋದು, ಆ ಆರ್‌ಒ ನೀರಲ್ಲಿ ಸುಣ್ಣದ ಅಂಶ ಬಹಳ ಕಮ್ಮಿ. ಒಂದು ಸಲ ಹಾಲ್ ತೊಳೆಯೋಕೆ ಒಂದು ಕ್ಯಾನ್ ಸಾಕು. ಪೂರ್ತಿ ಅದರಲ್ಲೇ ತೊಳೆಯೋಕಾಗ್ದಿದ್ರೆ ಕೊನೇ ಟ್ಯಾಂಕ್ ಆದ್ರೂ ಆ ನೀರು ಹಾಕಿ ಓಡಿಸಿ, ಆಮೇಲೆ ಟ್ಯಾಂಕ್ ಖಾಲಿ ಮಾಡಿ ನಾಝಲ್ ಬಿಚ್ಚಿ ಒಣಗಿಸಿಡಿ. ಮಳೆಗಾಲದಲ್ಲಿ ಹಿಡಿದ ಮಳೆ ನೀರು ಬಟ್ಟೇಲಿ ಸೋಸಿ ಹಾಕಿದ್ರೂ ಆಗುತ್ತೆ.

ದುಡ್ಡಿನ ಲೆಕ್ಕ ಹೇಳ್ತೀನಿ. ಮೊದಲು ನಿಂಬೆ ಉಪ್ಪು, ಬ್ಲೇಡು, ಟೂತ್‌ಬ್ರಷ್ಷಿಂದ ಒಂದು ಭಾನುವಾರ ನಾನು ಹೇಳಿದ್ದು ಮಾಡಿ, ನೂರು ರೂಪಾಯಿನೂ ಆಗಲ್ಲ, ಇದರಲ್ಲಿ ಕಳ್ಕೊಳ್ಳೋದು ಏನಿಲ್ಲ. ನೀರು ಬಂದು ಎಳೆಯೋಕೂ ಶುರುವಾಗಿ ಶಬ್ದ ಮಾತ್ರ ಗೊರಗೊರ ಅಂದ್ರೆ ಬೇರಿಂಗ್ ಕಾರ್ಬನ್ ಮಾಡ್ಸಿ, ಅದನ್ನ ತಡ ಮಾಡಿದ್ರೆ ಮಾತ್ರ ಆರ್ಮೇಚರ್‌ಗೂ ಹೊಡೆತ ಬೀಳುತ್ತೆ. ಆರ್ಮೇಚರ್ ಹೋಗಿದೆ, ಜೊತೆಗೆ ಪಂಪೂ ನಿಜವಾಗ್ಲೂ ಸತ್ತಿದೆ ಅಂತ ಬಿಚ್ಚಿ ತೋರಿಸಿದ್ರೆ ಆಗ 4,800 ಹಾಕೋದು ನನಗೂ ಸರಿ ಕಾಣಲ್ಲ, ಎರಡೂವರೆ ವರ್ಷದ ಪ್ಲಾಸ್ಟಿಕ್ ಬಾಡಿ, ನಾಳೆ ಟ್ಯಾಂಕ್ ಒಡೆದ್ರೆ ಸಿಗುತ್ತೆ ಅಂತ ಹೇಳಕ್ಕಾಗಲ್ಲ. ಹೊಸದು ತಗೊಳ್ಳೋದಾದ್ರೆ ಬೆಲ್ಟು, ನಾಝಲ್ಲು, ಮುಚ್ಚಳದ ರಬ್ಬರು ಬಿಡಿಯಾಗಿ ಸಿಗುತ್ತಾ ಅಂತ ಕೊಳ್ಳೋ ಮುಂಚೆ ಕೇಳಿ. ವಿದೇಶದಿಂದ ಯಾರಾದ್ರೂ ತಂದು ಕೊಡ್ತೀವಿ ಅಂದ್ರೆ ಪ್ಲೇಟ್ ಮೇಲೆ 120 ವೋಲ್ಟ್ ಅಂತ ಇದ್ರೆ ಬೇಡ ಅನ್ನಿ, ನಮ್ಮ ಪ್ಲಗ್ಗಿಗೆ ಹಾಕಿದ್ರೆ ಒಂದೇ ಏಟಿಗೆ ಹೋಗುತ್ತೆ.

ಭಾನುವಾರ ಆದ ಮೇಲೆ ನಾಝಲ್ ಬಿಚ್ಚಿದಾಗ ಧಾರೆ ಬಂತಾ ಇಲ್ವಾ, ಒಣ ಓಡಿಸಿದಾಗ ಶಬ್ದ ಹೆಂಗಿತ್ತು, ಇವೆರಡು ಬರೆದು ಕಳಿಸಿ. ರೋಲರ್ ತುದೀಲಿ ಉಂಗುರ ಸಿಕ್ರೆ ಅದರ ಫೋಟೋನೂ ಕಳಿಸಿ.